ಕುಲುಮೆಯ ಸಾಕ್ಷಿ ಯಾರ ಕೈಯಲ್ಲಿ?

ಮನೆಗೆ ನೀರು ತರುವ ಕರಿ ಪೈಪು ಎರಡು ಬೇಸಿಗೆ ಕಳೆಯುವುದರೊಳಗೆ ಸೀಳಿದರೆ ಗಿರಾಕಿ ಬಂದು ಬೈಯುವುದು ಯಾರನ್ನು? ಪೇಟೆಯ ಅಂಗಡಿಕಾರನನ್ನು. ಅಂಗಡಿಕಾರ ದೂರು ಬರೆದರೆ ಕಾರಖಾನೆಯ ಯಜಮಾನರು ಬೆರಳು ತೋರಿಸುವುದು ಯಂತ್ರದ ಮುಂದೆ ನಿಂತ ಕೆಲಸಗಾರನತ್ತ. ತಪ್ಪು ಮಾಲಿನದೋ ಕೈಯದೋ ಎಂದು ಹೇಳಬಲ್ಲ ಸಾಕ್ಷಿ ಒಂದಿದೆ. ಅದು ಯಾರ ವಶದಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ಆ ಸಾಕ್ಷಿ ಬೇರೇನಲ್ಲ, ಕುಲುಮೆಯೊಳಗೊಂದು ತಕ್ಕಡಿ. ಜಪಾನಿನ ಹೊಂಡಾ ಕೋಟಾರೋ ೧೯೧೫ರಲ್ಲೇ ಅಂಥದನ್ನು ಕಟ್ಟಿ ತೋರಿಸಿದರು. ಪೈಪಿನ ಹತ್ತಿಪ್ಪತ್ತು ಮಿಲಿಗ್ರಾಂ ಚೂರನ್ನು ಅದರಲ್ಲಿಟ್ಟು, ಗಾಳಿ ಸೋಕದಂತೆ ನೈಟ್ರೋಜನ್ ಹರಿಯಬಿಟ್ಟು ಕಾಯಿಸುತ್ತಾರೆ. ಶಾಖ ೫೦೦ ಡಿಗ್ರಿ ಸೆಂಟಿಗ್ರೇಡ್ ದಾಟುವಷ್ಟರಲ್ಲಿ ಪಾಲಿಥೀನ್ ಆವಿಯಾಗಿ ಹೋಗಿರುತ್ತದೆ. ಆಮೇಲೆ ಗಾಳಿ ಬಿಟ್ಟರೆ ಮಸಿ ಉರಿದುಹೋಗುತ್ತದೆ. ಈ ಮಸಿ ಅಂದಕ್ಕೆ ಹಾಕಿದ್ದಲ್ಲ, ಬಿಸಿಲಿನಿಂದ ಪೈಪನ್ನು ಕಾಯುವುದೇ ಅದು. ನೂರಕ್ಕೆ ೨ರಿಂದ ೩ ಪಾಲು ಇರಬೇಕೆಂದು ಭಾರತೀಯ ಮಾನಕ ೪೯೮೪ ಹೇಳುತ್ತದೆ. ಇನ್ನೂ ಕಾಯಿಸಿದಾಗ ತೂಕ ಮತ್ತೆ ಇಳಿದರೆ ಸೀಮೆಸುಣ್ಣ ಬೆರೆಸಿದ್ದಾರೆಂದು ಅನುಮಾನಿಸಬೇಕು. ಸುಣ್ಣವಾಗುವಾಗ ಅದು ನೂರಕ್ಕೆ ೪೪ ಪಾಲು ತೂಕ ಕಳೆದುಕೊಳ್ಳುತ್ತದೆ. ಸುಣ್ಣದ ಗೂಡು ಕಂಡವರಿಗೆ ಇದು ಹೊಸ ಮಾತಲ್ಲ. ತಕ್ಕಡಿಗೆ ಯಜಮಾನರ ದಾಕ್ಷಿಣ್ಯವೂ ಇಲ್ಲ.

ಮಿಲ್ಲಿನ ಬಂಧುಗಳಿಗೂ ಇದು ದೂರದ ವಿಷಯವಲ್ಲ. ನೈಲಾನ್ ಆರು ೨೨೦ ಡಿಗ್ರಿಯ ಸುತ್ತ ಕರಗುತ್ತದೆ, ನೈಲಾನ್ ಆರು-ಆರು ೨೬೦ರ ಸುತ್ತ. ಕಣ್ಣಿಗೆ ಎರಡೂ ಒಂದೇ. ಎರಡೂ ಬೆರೆತ ನೂಲು ಬಂದರೆ ಬಣ್ಣ ಒಂದೇ ಸಮ ಹಿಡಿಯುವುದಿಲ್ಲ, ದಂಡ ಬೀಳುವುದು ಬಣ್ಣದ ಖಾತೆಯವನಿಗೆ! ಕರಗುವ ಶಾಖವನ್ನು ಅಳೆಯುವ ಯಂತ್ರ ಒಂದು ಗಂಟೆಯ ಆಸುಪಾಸಿನಲ್ಲಿ ಅವನನ್ನು ಬಿಡಿಸಬಲ್ಲದು. ಆದರೆ ಯಂತ್ರವಿರುವುದು ದೊಡ್ಡ ಕಾರಖಾನೆಯ ಬೀಗದ ಕೋಣೆಯಲ್ಲಿ, ವರದಿ ಹೋಗುವುದು ಮ್ಯಾನೇಜರ ಮೇಜಿಗೆ.

ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ, ನಿಜ. ಅಂಗಡಿಗೊಂದು ಕೊಡಿ ಎಂದು ನಾವು ಕೇಳುತ್ತಿಲ್ಲ. ಮೈಸೂರಿನ ಸಿಪೆಟ್ ಕೇಂದ್ರದಲ್ಲಿ ಹಣ ತೆತ್ತರೆ ಪ್ಲಾಸ್ಟಿಕ್ಕಿನ ಪರೀಕ್ಷೆ ಮಾಡಿಕೊಡುತ್ತಾರೆ. ಬೀದರಿನ ಅಂಗಡಿಕಾರ ನಾಲ್ಕು ಮೊಳ ಪೈಪಿನ ತಂಟೆಗಾಗಿ ಅಲ್ಲಿಗೆ ಹೋಗಿಬರುವುದುಂಟೆ? ಜಿಲ್ಲೆಗೊಂದು ಸರಕಾರಿ ಪಾಲಿಟೆಕ್ನಿಕ್ಕಿನಲ್ಲಿ ಇಂಥ ಪರೀಕ್ಷಾಶಾಲೆ ತೆರೆಯಲಿ. ಸಂಘವೂ ವ್ಯಾಪಾರಿಯೂ ಅಲ್ಪ ಶುಲ್ಕಕ್ಕೆ ಮಾದರಿ ಕೊಡುವಂತಾಗಲಿ. ಕೆಲಸಗಾರ ಯಂತ್ರವನ್ನು ಅತಿಯಾಗಿ ಕಾಯಿಸಿ ಮಾಲು ಕೆಡಿಸಿದ್ದರೆ ಅದೂ ಬಯಲಾಗಲಿ, ನಮ್ಮ ಅಭ್ಯಂತರವಿಲ್ಲ. ಆದರೆ ವರದಿ ಕೈಸೇರುವ ತನಕ ಯಾರ ಸಂಬಳದಿಂದಲೂ ಒಂದು ಕಾಸು ಮುರಿಯಕೂಡದು.