ವೀಸಾ ರಿಜೆಕ್ಟ್ ಆಯ್ತು, ತಪ್ಪು ಯಾರದು?

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಇಮೇಲ್ ಬಂತು. ಮೂರು ವಾರದಿಂದ ದಿನಕ್ಕೆ ಇಪ್ಪತ್ತು ಸಲ ಇನ್‌ಬಾಕ್ಸ್ ನೋಡ್ತಿದ್ದವನು ನಾನು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹಾಕಿದ್ದ ಅರ್ಜಿಯ ತೀರ್ಮಾನ ಅದರಲ್ಲಿತ್ತು. ಪಿಡಿಎಫ್ ತೆರೆದೆ. ಮೊದಲ ಪ್ಯಾರಾದಲ್ಲೇ ‘ರೆಫ್ಯೂಸ್ಡ್’ ಅನ್ನೋ ಪದ ಕಾಣಿಸಿತು. ಅದರ ಮುಂದೆ ಓದಲಿಲ್ಲ. ಫೋನ್ ಮಗುಚಿಟ್ಟು ಅನ್ನ ಸಾರು ಕಲಸಿದೆ, ತುತ್ತು ಗಂಟಲಲ್ಲಿ ಇಳೀಲಿಲ್ಲ.

ಇಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಕೊನೆಯ ದಿನಕ್ಕೆ ಇನ್ನು ಹದಿನಾರೇ ದಿನ. ಬಾಡಿಗೆ ಮನೆ ಬಿಡ್ತೀನಿ ಅಂತ ಓನರ್‌ಗೂ ಹೇಳಿದ್ದೆ. ತಿಪಟೂರಿನಲ್ಲಿ ಅಮ್ಮ ಇಡೀ ಬೀದಿಗೆ ‘ಮಗ ಲಂಡನ್ನಿಗೆ ಹೋಗ್ತಾನೆ’ ಅಂತ ಸಾರಿದ್ದಳು. ಕೆಲಸ ಸಿಕ್ಕಿದ್ದು ಲೀಡ್ಸ್‌ನಲ್ಲಿ. ಆದರೆ ಅಮ್ಮನಿಗೆ ಇಂಗ್ಲೆಂಡ್ ಅಂದರೆ ಲಂಡನ್ನೇ.

ಆ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಎರಡು ಪುಟದ ಅಪೀಲು ಬರೆದೆ. ನನಗೆ ಎಂಟು ವರ್ಷದ ಅನುಭವ ಇದೆ, ಕಂಪನಿ ತಾನಾಗಿಯೇ ಕರೆದಿದೆ, ಇಷ್ಟು ವರ್ಷ ಒಂದು ದಿನವೂ ತೆರಿಗೆ ತಪ್ಪಿಸಿಲ್ಲ, ನನ್ನಂಥವನಿಗೆ ಇಲ್ಲ ಅನ್ನೋಕೆ ನಿಮಗೇನು ಹಕ್ಕಿದೆ ಅಂತೆಲ್ಲ. ಬೆಳಗ್ಗೆ ಅದನ್ನು ಶಿವಮೊಗ್ಗದ ಗೆಳೆಯನಿಗೆ ಕಳಿಸಿದೆ. ಅವನು ಎರಡು ವರ್ಷದ ಹಿಂದೆ ಇದೇ ವೀಸಾ ಮೇಲೆ ಹೋದವನು. ಫೋನ್ ಮಾಡಿ ಒಂದೇ ಮಾತು ಕೇಳಿದ: “ಅವರು ಕಳಿಸಿದ್ದನ್ನ ಪೂರ್ತಿ ಓದಿದ್ಯಾ ಮಾರಾಯ?”

ಓದಿರಲಿಲ್ಲ.

ಓದಿದೆ. ಪತ್ರದಲ್ಲಿ ನನ್ನ ಅನುಭವದ ಬಗ್ಗೆ, ಡಿಗ್ರಿ ಬಗ್ಗೆ, ಕಂಪನಿ ಬಗ್ಗೆ ಒಂದು ಮಾತೂ ಇರಲಿಲ್ಲ. ಇದ್ದದ್ದು ಬ್ಯಾಂಕ್ ಬ್ಯಾಲೆನ್ಸ್ ಬಗ್ಗೆ ಮಾತ್ರ.

ನಿಯಮ ಹೀಗಿದೆ. ಹೊರಗಿನಿಂದ ಹೋಗುವವರ ಹತ್ತಿರ ಮೊದಲ ತಿಂಗಳ ಖರ್ಚಿಗೆ ಅಂತ 1,270 ಪೌಂಡ್ ಇರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಅದು ಸತತವಾಗಿ 28 ದಿನ ಖಾತೆಯಲ್ಲೇ ಇರಬೇಕು. ಆ 28ನೇ ದಿನ, ಅರ್ಜಿ ಹಾಕುವ ದಿನಕ್ಕಿಂತ 31 ದಿನಗಳ ಒಳಗೆ ಬಿದ್ದಿರಬೇಕು. ಶೇರು, ಮ್ಯೂಚುಯಲ್ ಫಂಡ್ ಲೆಕ್ಕಕ್ಕಿಲ್ಲ, ಕೈಗೆ ಸಿಗುವ ದುಡ್ಡೇ ಆಗಬೇಕು.

ನನ್ನ ಸ್ಟೇಟ್‌ಮೆಂಟಿನಲ್ಲಿ 25 ದಿನ ಸರಿ ಇತ್ತು. ಮೂರು ದಿನ ಸುಮಾರು 35 ಪೌಂಡ್ ಕಡಿಮೆ ಬಿದ್ದಿತ್ತು. ನಾಲ್ಕನೇ ದಿನ ಸಂಬಳ ಬಂದು ಬ್ಯಾಲೆನ್ಸ್ ಮೇಲೇರಿತ್ತು. ‘ಒಟ್ಟಾರೆ ಇದೆಯಲ್ಲ’ ಅಂದ್ಕೊಂಡು ನಾನು ಆ ಮೂರು ದಿನವನ್ನ ಗಮನಿಸಿಯೇ ಇರಲಿಲ್ಲ. ನಗು ಬರುತ್ತೆ. ದಿನಾ ಕೋಡ್‌ನಲ್ಲಿ ಇಂಥದ್ದೇ ಇಫ್ ಕಂಡೀಷನ್ ಬರೆಯುವ ಕೆಲಸ ನನ್ನದು. ಒಂದು ದಿನ ಕಡಿಮೆ ಇದ್ದರೂ ಫಾಲ್ಸ್. ಅದು ಕನಿಷ್ಠ ನೋಡುತ್ತೆ, ಸರಾಸರಿ ನೋಡಲ್ಲ.

ಇನ್ನೂ ಒಂದಿದೆ. ಲೀಡ್ಸ್ ಕಂಪನಿಯ ಎಚ್‌ಆರ್ ಮೊದಲೇ ಕೇಳಿದ್ದರು, ‘ನಿಮ್ಮ ಮೊದಲ ತಿಂಗಳ ಖರ್ಚಿಗೆ ನಾವೇ ಜವಾಬ್ದಾರಿ ಅಂತ ಬರೆಯಬೇಕಾ?’ ಅಂತ. ‘ಎ’ ರೇಟಿಂಗ್ ಇರುವ ಸ್ಪಾನ್ಸರ್ ಕಂಪನಿ ಹಾಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ನಲ್ಲಿ ಒಪ್ಪಿಕೊಂಡರೆ ಸಾಕು, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸೋ ಅಗತ್ಯವೇ ಇಲ್ಲ. ನಾನು ‘ಬೇಡ, ನನ್ನ ಹತ್ತಿರವೇ ಇದೆ’ ಅಂದಿದ್ದೆ. ಸೇರುವ ಮೊದಲೇ ಕೈ ಚಾಚಿದ ಹಾಗಾಗುತ್ತೆ ಅನ್ನೋ ಬಿಗುಮಾನ.

ಆ ಮೂರು ದಿನ ದುಡ್ಡು ಎಲ್ಲಿ ಹೋಗಿತ್ತು ಅನ್ನೋದು ನನಗೆ ಸ್ಟೇಟ್‌ಮೆಂಟ್ ನೋಡದೆಯೇ ಗೊತ್ತಿತ್ತು. ಅಮ್ಮನ ಬಲಗಣ್ಣಿನ ಪೊರೆ ಆಪರೇಷನ್. ನಲವತ್ತು ಸಾವಿರ. ‘ನೀನು ಹೋಗೋಕೆ ಮುಂಚೆ ಒಂದು ಕಣ್ಣಾದ್ರೂ ಆಗಿಬಿಡ್ಲಿ’ ಅಂತ ಅವಳೇ ಅಂದಿದ್ದಳು.

ಇನ್ನು ಅಪೀಲಿನ ವಿಷಯ. ನಾವೆಲ್ಲ ಬಾಯಲ್ಲಿ ಅಪೀಲು ಅಂತೀವಿ. ಬ್ರಿಟನ್ನಿನಲ್ಲಿ ಕೆಲಸದ ವೀಸಾ ಸಿಗದವರಿಗೆ ನ್ಯಾಯಾಧೀಶರ ಮುಂದೆ ಹೋಗುವ ಹಳೇ ರೀತಿಯ ಅಪೀಲು ಈಗಿಲ್ಲ. 2014ರ ಇಮಿಗ್ರೇಶನ್ ಕಾಯ್ದೆ ಬಂದ ಮೇಲೆ ಅದು ಹೋಯಿತು. ಇರೋದು ಅಡ್ಮಿನಿಸ್ಟ್ರೇಟಿವ್ ರಿವ್ಯೂ. ಹೊರದೇಶದಲ್ಲಿ ಇರುವವರು ತೀರ್ಮಾನ ಕೈಸೇರಿದ 28 ದಿನದೊಳಗೆ ಆನ್‌ಲೈನ್‌ನಲ್ಲಿ ಹಾಕಬೇಕು. ಶುಲ್ಕ 80 ಪೌಂಡ್. ಮೊದಲು ನೋಡಿದವರಲ್ಲದೆ ಬೇರೆಯವರು ಕಡತ ತೆರೆದು ನೋಡ್ತಾರೆ.

ಆದರೆ ಅವರು ನೋಡೋದು ಒಂದನ್ನೇ: ಮೊದಲು ತೀರ್ಮಾನ ಮಾಡಿದವರು ನಿಯಮ ಅನ್ವಯಿಸುವಾಗ ತಪ್ಪಿದ್ದಾರಾ? ಉದಾಹರಣೆಗೆ, ನೀವು ಅಪ್‌ಲೋಡ್ ಮಾಡಿದ್ದ ಕ್ಷಯರೋಗ ಪರೀಕ್ಷೆಯ ಸರ್ಟಿಫಿಕೇಟ್ ಕಡತದಲ್ಲೇ ಇದ್ದೂ ‘ಇಲ್ಲ’ ಅಂತ ಬರೆದಿದ್ದರೆ, ಅಥವಾ 28 ದಿನದ ಲೆಕ್ಕವನ್ನೇ ತಪ್ಪಾಗಿ ಹಾಕಿದ್ದರೆ, ರಿವ್ಯೂ ನಿಮ್ಮ ಅಸ್ತ್ರ. ಧೈರ್ಯವಾಗಿ ಹಾಕಿ. ಯಾವ ದಾಖಲೆ, ಯಾವ ಪುಟ, ಯಾವ ದಿನಾಂಕ ಅಂತ ನಾಲ್ಕು ಸಾಲು ಬರೆದರೆ ಸಾಕು, ಕಣ್ಣೀರಿನ ಕಥೆ ಬೇಡ. ಆದರೆ ಸಾಮಾನ್ಯವಾಗಿ ಹೊಸ ದಾಖಲೆ ಸೇರಿಸೋ ಹಾಗಿಲ್ಲ. ನಡುವೆ ಹೊಸದಾಗಿ ವೀಸಾ ಅರ್ಜಿ ಹಾಕಿದರೆ ರಿವ್ಯೂ ಅಲ್ಲಿಗೇ ಮುಗಿದ ಹಾಗೆ. ಎರಡು ದೋಣಿಯಲ್ಲಿ ಕಾಲಿಡೋಕಾಗಲ್ಲ.

ನನ್ನ ಪ್ರಕರಣದಲ್ಲಿ ಅವರ ತಪ್ಪು ಏನಿತ್ತು? ಏನೂ ಇರಲಿಲ್ಲ. ನನ್ನ ಎರಡು ಪುಟದ ಅಪೀಲಿನಲ್ಲಿ ಆ ಮೂರು ದಿನದ ಬಗ್ಗೆ ಒಂದಕ್ಷರ ಇರಲಿಲ್ಲ. ಉಳಿದದ್ದೆಲ್ಲ ನನ್ನ ಸಿಟ್ಟು, ಅಷ್ಟೇ.

ಇಷ್ಟಾದರೂ ಮನಸ್ಸು ಒಪ್ಪಲಿಲ್ಲ. ಪರಿಚಯದವರು ಹೇಳಿದ ಒಬ್ಬ ಏಜೆಂಟ್ ಹತ್ತಿರ ಹೋದೆ. ಪತ್ರ ನೋಡಿ ಅವರು ನಕ್ಕರು. “ಇದೇನ್ ಸಾರ್, ಚಿಕ್ಕದು. ಸಿಸ್ಟಮ್ ಎರರ್‌ನಿಂದ ಬ್ಯಾಲೆನ್ಸ್ ತಪ್ಪಾಗಿ ತೋರಿಸಿದೆ ಅಂತ ಬ್ಯಾಂಕಿನದ್ದೊಂದು ಲೆಟರ್ ಮಾಡಿಸೋಣ. ಅರವತ್ತು ಸಾವಿರ. ಗ್ಯಾರಂಟಿ.” ಸುಳ್ಳು ಹೇಳಬಾರದು ಅಂತ ಎದ್ದು ಬಂದೆ ಅಂತ ಬರೆದರೆ ಅದೇ ಸುಳ್ಳಾಗುತ್ತೆ. ಯೋಚಿಸ್ತೀನಿ ಅಂತ ಹೇಳಿ ಬಂದೆ, ಒಂದು ರಾತ್ರಿ ಯೋಚಿಸಿಯೂ ಯೋಚಿಸಿದೆ. ಅರ್ಜಿಯಲ್ಲಿ ವಂಚನೆ ಮಾಡಿ ಸಿಕ್ಕಿಬಿದ್ದರೆ ಬ್ರಿಟನ್ನಿನ ಬಾಗಿಲು 10 ವರ್ಷ ಮುಚ್ಚುತ್ತೆ ಅಂತ ಓದಿದ ಮೇಲೆ ಬೆವರಿತು. ಮೂವತ್ತೈದು ಪೌಂಡಿನ ತಪ್ಪಿಗೆ ಹತ್ತು ವರ್ಷದ ಬೆಲೆ. ಏಜೆಂಟ್ ನಂಬರ್ ಬ್ಲಾಕ್ ಮಾಡಿದೆ.

ಆಮೇಲೆ ಮಾಡಿದ್ದು ಎರಡು ಕಷ್ಟದ ಕೆಲಸ. ಮೊದಲನೆಯದು, ಲೀಡ್ಸ್‌ನ ಎಚ್‌ಆರ್‌ಗೆ ಇದ್ದದ್ದು ಇದ್ದ ಹಾಗೆ ಬರೆದೆ. ‘ತಪ್ಪು ನನ್ನದು. ನೀವು ಕೇಳಿದಾಗ ಬೇಡ ಅಂದೆ. ಈಗ ಬೇಕು.’ ಒಮ್ಮೆ ಬಳಸಿದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಎರಡನೇ ಅರ್ಜಿಗೆ ಬರಲ್ಲ, ಕಂಪನಿ ಹೊಸದನ್ನೇ ಕೊಡಬೇಕು. ಕೊಡಲೇಬೇಕು ಅಂತೇನೂ ಇರಲಿಲ್ಲ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ, ‘ಕೊಡ್ತೀವಿ, ಸೇರುವ ದಿನಾಂಕ ಆರು ವಾರ ಮುಂದಕ್ಕೆ’ ಅಂತ ಬಂತು. ಎರಡನೆಯದು, ಇಲ್ಲಿನ ಮ್ಯಾನೇಜರ್ ಮುಂದೆ ನಿಂತು ಇನ್ನೂ ಒಂದು ತಿಂಗಳು ಇರಬಹುದಾ ಅಂತ ಕೇಳಿದ್ದು. ಬೀಳ್ಕೊಡುಗೆಯ ಕೇಕ್ ತಿಂದಾದ ಮೇಲೆ ಹಾಗೆ ಕೇಳೋದು ಎಷ್ಟು ಕಷ್ಟ ಅಂತ ಕೇಳಿದವರಿಗೇ ಗೊತ್ತು. ಅವರು ಒಪ್ಪಿದರು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡ್ತೀನಿ. ಅಲ್ಲಿನ ಆರೋಗ್ಯ ಸೇವೆಗೆ ಅಂತ ವರ್ಷಕ್ಕೆ 1,035 ಪೌಂಡಿನಂತೆ ಮುಂಗಡ ಕಟ್ಟಿಸಿಕೊಳ್ತಾರೆ. ವೀಸಾ ಸಿಗದಿದ್ದರೆ ಅದು ವಾಪಸ್ ಬರುತ್ತೆ. ವೀಸಾ ಶುಲ್ಕ ಬರಲ್ಲ. ಎರಡನೇ ಸಲ ಮತ್ತೆ ಕಟ್ಟಬೇಕು.

ಅಮ್ಮನಿಗೆ ‘ಸ್ವಲ್ಪ ಲೇಟಾಗುತ್ತೆ’ ಅಂತ ಮಾತ್ರ ಹೇಳಿದ್ದೆ. ಆದರೆ ತಮ್ಮ ಬಾಯಿಬಿಟ್ಟ. ಭಾನುವಾರ ಊರಿಗೆ ಹೋದಾಗ ಅಮ್ಮ ಚಪಾತಿ ಲಟ್ಟಿಸುತ್ತಾ, ತಲೆ ಎತ್ತದೆ ಕೇಳಿದಳು: “ನನ್ ಕಣ್ಣಿಗೆ ದುಡ್ಡು ಕಟ್ಟಿದ್ದಕ್ಕೇನಪ್ಪಾ ನಿಂದು ಹೋಗಿದ್ದು?”

ಅಲ್ಲ ಅನ್ನೋಕೆ ಬಾಯಿ ತೆರೆದೆ. ಅವಳು ಮುಂದುವರಿಸಿದಳು: “ಡಾಕ್ಟ್ರು ಎಡಗಣ್ಣಿಗೆ ಈ ತಿಂಗಳು ಬನ್ನಿ ಅಂದಿದ್ರು. ನಾನೇ ಬೇಡ ಅಂದೆ. ನಿಂದೊಂದು ಆಗ್ಲಿ ಮೊದ್ಲು.”

ಆ ಎರಡು ಪುಟದ ಅಪೀಲು, ಆ ಏಜೆಂಟ್, ಎಚ್‌ಆರ್‌ಗೆ ಹೇಳಿದ ‘ಬೇಡ’, ಎಲ್ಲ ಒಟ್ಟಿಗೆ ನೆನಪಾಯ್ತು. ತಪ್ಪು ಯಾರದು ಅಂತ ನಾನು ಹದಿನೈದು ದಿನ ಹುಡುಕಾಡ್ತಿದ್ದೆ. ಇಲ್ಲಿ ಇವಳು ಸದ್ದಿಲ್ಲದೆ ಅದನ್ನ ತನ್ನ ಮೇಲೆ ಹಾಕ್ಕೊಂಡು ಕೂತಿದ್ದಳು. “ನಿನ್ನಿಂದಲ್ಲಮ್ಮ. ನಾನು ಲೆಕ್ಕ ತಪ್ಪಿದೆ. ಕಂಪನಿಯವರು ಸಹಾಯ ಮಾಡ್ತೀವಿ ಅಂದಾಗ ಜಂಬ ಮಾಡಿದೆ” ಅಂದೆ. ಮೊದಲ ಸಲ ಅದನ್ನ ಜೋರಾಗಿ ಹೇಳಿದ್ದು. ಅವಳು ನಂಬಿದಳೋ ಇಲ್ಲವೋ, “ಜಂಬ ನಿಮ್ಮಪ್ಪಂದು” ಅಂತ ಅಂದು ಚಪಾತಿ ತವಾದ ಮೇಲೆ ಹಾಕಿದಳು.

ಬೇರೆ ದೇಶಕ್ಕೆ ಹೊರಟವರಿಗೂ ಒಂದು ಮಾತು. ದೇಶ ಬದಲಾದರೆ ದಾರಿಯೂ ಬದಲಾಗುತ್ತೆ. ಜರ್ಮನಿಯಲ್ಲಿ ‘ಇನ್ನೊಮ್ಮೆ ಪರಿಶೀಲಿಸಿ’ ಅಂತ ವೀಸಾ ಕಚೇರಿಗೇ ಬರೆಯುವ ಅವಕಾಶ 2025ರ ಜುಲೈ 1ರಿಂದ ಇಲ್ಲ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಕೆನಡಾದಲ್ಲಿ ಹೊರಗಿನಿಂದ ಹಾಕಿದ ಅರ್ಜಿ ತಿರಸ್ಕೃತವಾದರೆ ಫೆಡರಲ್ ಕೋರ್ಟಿಗೆ ಹೋಗಲು 60 ದಿನ ಇರುತ್ತೆ. ಅಮೆರಿಕದ ಎಚ್‌-1ಬಿ ಪಿಟಿಷನ್ ತಿರಸ್ಕೃತವಾದರೆ ಅಪೀಲು ಹಾಕಬೇಕಾದವರು ನೀವಲ್ಲ, ನಿಮ್ಮ ಕಂಪನಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಲಹೆ ಹಿಡಿದು ಹೊರಡಬೇಡಿ. ನಿಮಗೆ ಬಂದ ಪತ್ರದಲ್ಲೇ ದಾರಿ, ಗಡುವು ಎರಡೂ ಬರೆದಿರುತ್ತೆ. ಮೊದಲು ಅದನ್ನ ಕೊನೆಯ ಸಾಲಿನವರೆಗೆ ಓದಿ. ತಪ್ಪು ಅವರದಾದರೆ ಗಡುವಿನೊಳಗೆ ಪ್ರಶ್ನಿಸಿ. ನಿಮ್ಮದಾದರೆ ಸರಿಮಾಡಿಕೊಂಡು ಮತ್ತೆ ಹಾಕಿ. ಮತ್ತೆ ದಯವಿಟ್ಟು, ವೀಸಾ ಕೈಗೆ ಬರೋವರೆಗೆ ರಾಜೀನಾಮೆ ಕೊಡಬೇಡಿ.

ಎರಡನೇ ಅರ್ಜಿಯಲ್ಲಿ ‘ಹಿಂದೆ ಯಾವಾಗಲಾದರೂ ವೀಸಾ ನಿರಾಕರಣೆ ಆಗಿದೆಯೇ?’ ಅನ್ನೋ ಪ್ರಶ್ನೆಗೆ ‘ಹೌದು’ ಅಂತ ಗುರುತು ಹಾಕಿ, ಕಾರಣವನ್ನೂ ಬರೆದೆ. ಬೆರಳು ನಡುಗಿತು, ನಿಜ. ಹದಿನೆಂಟು ದಿನಕ್ಕೆ ಒಪ್ಪಿಗೆ ಬಂತು.

ಆದರೆ ಆ ಅರ್ಜಿ ಹಾಕೋ ಹಿಂದಿನ ವಾರವೇ ಅಮ್ಮನನ್ನ ಕರ್ಕೊಂಡು ಹೋಗಿ ಎಡಗಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದೆ. ಆಸ್ಪತ್ರೆಯ ಕೌಂಟರ್‌ನಲ್ಲಿ ದುಡ್ಡು ಕಟ್ಟಿದ ಮೇಲೆ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಬ್ಯಾಲೆನ್ಸ್ ಎಷ್ಟು ಉಳಿದಿದೆ ಅಂತ ನಾನು ನೋಡಲಿಲ್ಲ.