ಉಡುಗೆಯ ಚರಿತ್ರೆ, ಮೈಯ ಬಣ್ಣ

ಇಟಲಿಯ ವೆರೋನಾ ನಗರದ ಪುರಾತನ ಬಯಲುರಂಗದಲ್ಲಿ 2022ರ ಬೇಸಗೆಯಲ್ಲಿ ವೆರ್ದಿಯ ಸುಪ್ರಸಿದ್ಧ ಆಪೆರಾ ‘ಐಡಾ’ ಪ್ರದರ್ಶಿತವಾಯಿತು. ಇಥಿಯೋಪಿಯದ ರಾಜಕುಮಾರಿಯ ಪಾತ್ರ ವಹಿಸಿದ್ದ ರಷ್ಯದ ಗಾಯಕಿ ಆನಾ ನೆಟ್ರೆಬ್ಕೊ ಮೈಗೆ ಕಪ್ಪುಬಣ್ಣ ಬಳಿದುಕೊಂಡಿದ್ದರು. ಇದನ್ನು ಪ್ರತಿಭಟಿಸಿ, ಆಫ್ರಿಕನ್ ಮೂಲದ ಅಮೆರಿಕನ್ ಗಾಯಕಿ ಏಂಜೆಲ್ ಬ್ಲೂ ಅದೇ ರಂಗದಲ್ಲಿ ತಾವು ಹಾಡಬೇಕಾಗಿದ್ದ ‘ಲಾ ಟ್ರಾವಿಯಾಟಾ’ದಿಂದ ಹಿಂದೆ ಸರಿದರು. ಇದು 2002ರ ಪ್ರಯೋಗ, ಇದರ ಸ್ವರೂಪ ಎಲ್ಲರಿಗೂ ತಿಳಿದಿದ್ದೇ ಎಂದು ವ್ಯವಸ್ಥಾಪಕರು ಸಮಾಧಾನ ಹೇಳಿದರು. ಇದನ್ನು ಕಲಾವಿದರ ಮನಸ್ತಾಪವೆಂದು ತಳ್ಳಿಹಾಕುವಂತಿಲ್ಲ. ಗತಕಾಲದ ಉಡುಗೆತೊಡುಗೆಯಿಂದ ರಂಗಭೂಮಿ ಏನನ್ನು ಪಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ.

‘ಐಡಾ’ ಹುಟ್ಟಿದ್ದೇ ಈ ಪ್ರಶ್ನೆಯೊಡನೆ. ಈಜಿಪ್ಟಿನ ದೊರೆ ಖೆದಿವ್ ಇಸ್ಮಾಯಿಲನ ಆಶಯದಂತೆ ರಚಿತವಾದ ಈ ಕೃತಿಗೆ ಉಡುಪುಗಳ ಚಿತ್ರ ಬರೆದವನು ಫ್ರೆಂಚ್ ಪುರಾತತ್ವಜ್ಞ ಓಗುಸ್ತ್ ಮಾರಿಯೆಟ್. ದೇಗುಲಗಳ ಭಿತ್ತಿಚಿತ್ರಗಳೇ ಅವನಿಗೆ ಆಧಾರ. ಗಾಯಕರು ಗಡ್ಡಮೀಸೆಗಳೊಡನೆ ಫೆರೋಗಳ ಉಡುಪು ತೊಟ್ಟರೆ ನಗೆಗೀಡಾದೀತೆಂದು ಕೂಡ ಆತ ಅಂಜಿದ್ದ. ಉಡುಪುಗಳು ಸಿದ್ಧವಾದದ್ದು ಪ್ಯಾರಿಸ್ಸಿನಲ್ಲಿ. 1870ರಲ್ಲಿ ಪ್ರಷ್ಯದ ಸೈನ್ಯ ಆ ನಗರವನ್ನು ಮುತ್ತಿದಾಗ ಅವೂ ಮಾರಿಯೆಟ್ಟನೂ ಒಳಗೇ ಸಿಕ್ಕಿಕೊಂಡು, ಕೈರೋದ ಪ್ರಥಮ ಪ್ರದರ್ಶನ 1871ರ ಡಿಸೆಂಬರ್ 24ರವರೆಗೆ ಮುಂದೆ ಹೋಯಿತು.

ಇಷ್ಟು ಶ್ರದ್ಧೆಯಿಂದ ರೂಪಿಸಿದರೂ ಅದು ಫೆರೋಗಳ ಈಜಿಪ್ಟೇ ಆಗಿತ್ತೆನ್ನುವಂತಿಲ್ಲ. ಗೋಡೆಯ ಮೇಲಿನ ಮೂರ್ತಿ ಉಸಿರಾಡುವುದಿಲ್ಲ. ಗಾಯಕನಾದರೋ ಎದೆತುಂಬ ಉಸಿರೆಳೆದು, ವಾದ್ಯವೃಂದದ ಘೋಷವನ್ನು ಮೀರಿ ಹಾಡಬೇಕು. ಆದ್ದರಿಂದ ಗೋಡೆಯ ಉಡುಗೆ ರಂಗಕ್ಕೆ ಬರುವಾಗ ಮಾರ್ಪಾಡಾಗಲೇಬೇಕು. ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬುದನ್ನು ಆಯಾ ಕಾಲದ ಅಭಿರುಚಿ ನಿರ್ಧರಿಸುತ್ತದೆ. ರಂಗದ ಮೇಲಿನ ಚರಿತ್ರೆಯೆಲ್ಲ ಹೀಗೆ ಆಯ್ದುಕೊಂಡ ಚರಿತ್ರೆ. ಅಂದಮೇಲೆ, ಮಿಕ್ಕೆಲ್ಲವನ್ನೂ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಂಡವರು ಕಪ್ಪುಬಣ್ಣವೊಂದನ್ನು ಮಾತ್ರ ಸಂಪ್ರದಾಯದ ಹೆಸರಿನಲ್ಲಿ ಕಾಪಾಡಹೊರಡುವುದು ನ್ಯಾಯವಲ್ಲ. ಉಡುಗೆಯನ್ನು ಯಾರಾದರೂ ತೊಡಬಹುದು, ಕಳಚಲೂಬಹುದು. ಒಂದು ಜನಾಂಗ ಮೈಬಣ್ಣದ ಕಾರಣಕ್ಕೇ ಅವಮಾನ ಸಹಿಸಿರುವಾಗ, ಆ ಬಣ್ಣ ಮತ್ತೊಬ್ಬರಿಗೆ ಒಂದು ಸಂಜೆಯ ಅಲಂಕಾರವಾಗಲಾರದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ 2015ರಲ್ಲಿಯೇ ‘ಒಟೆಲ್ಲೊ’ದ ನಾಯಕನಿಗೆ ಕಪ್ಪುಬಣ್ಣ ಬಳಿಯುವುದನ್ನು ಕೈಬಿಟ್ಟಿತು. 2024ರ ಡಿಸೆಂಬರ್ 31ರಂದು ಅಲ್ಲಿ ಆರಂಭವಾದ ಮೈಕಲ್ ಮೇಯರ್ ನಿರ್ದೇಶನದ ಹೊಸ ‘ಐಡಾ’ದಲ್ಲಿ ಪುರಾತತ್ವಜ್ಞರೇ ರಂಗದ ಮೇಲೆ ಕಾಣಿಸಿಕೊಳ್ಳುತ್ತಾರೆ; ಪ್ರಾಚೀನ ವೈಭವ ಅವರ ಶೋಧದೊಡನೆ ಮೈದಳೆಯುತ್ತದೆ. ನಮಗೆ ಕಾಣುವ ಈಜಿಪ್ಟು ಅದನ್ನು ಅಗೆದು ತೆಗೆದವರ ಕಲ್ಪನೆಯ ಈಜಿಪ್ಟೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವ ಕ್ರಮ ಇದು. ಹಳೆಯ ಉಡುಗೆಯ ನೆರಿಗೆ, ವರ್ಣ, ಆಭರಣಗಳಿಂದ ವಿನ್ಯಾಸಕಾರರು ಕಲಿಯಬೇಕಾದದ್ದು ಇನ್ನೂ ಬೇಕಾದಷ್ಟಿದೆ. ಅದನ್ನು ಕಲಿಯಲು ಯಾರ ಮೈಬಣ್ಣವನ್ನೂ ಎರವಲು ತರಬೇಕಾಗಿಲ್ಲ.