ಅಳಿಸದ ಎದುರು ಮತ

ಮೂಡುಬಿದಿರೆಯ ಸಿದ್ಧಾಂತ ಬಸದಿಯು ತಾಡವೋಲೆಗಳಲ್ಲಿ ಕಾಪಾಡಿಕೊಂಡು ಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ದಕ್ಷಿಣ ಪ್ರತಿಪತ್ತಿ, ಉತ್ತರ ಪ್ರತಿಪತ್ತಿ ಎಂಬ ಭಿನ್ನ ಮತಗಳನ್ನು ದಾಖಲಿಸಿದ್ದಾರೆ. ದಕ್ಷಿಣದ್ದೇ ಋಜುವೆಂಬ ತಮ್ಮ ಒಲವನ್ನು ಅವರು ಮರೆಮಾಚಲಿಲ್ಲ. ಉತ್ತರದ ಮತವನ್ನು ಅಳಿಸಲೂ ಇಲ್ಲ. ನಿರ್ಣಯಿಸಬಲ್ಲ ಕೇವಲಿಯಿಲ್ಲದಿರುವಾಗ ಪಾಪಭೀರುವಾದವನು ಎರಡನ್ನೂ ಉಳಿಸಿಕೊಳ್ಳಬೇಕೆಂಬುದು ಅವರ ನಿಲುವು.

ಊರಿನ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗೂ ಇದೇ ಪರೀಕ್ಷೆ. ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಚುನಾವಣೆ ಬಂತೆಂದರೆ ‘ರಾಜಕೀಯ ಬೇಡ’ ಎಂಬ ನಿಯಮವು ಎದುರು ಪಕ್ಷದವರ ಸಂದೇಶ ಕಂಡಾಗ ಮಾತ್ರ ನೆನಪಾಗುವುದುಂಟು. ಅಡ್ಮಿನ್‌ಗೆ ಒಲವಿರಬಾರದೆಂದಲ್ಲ, ಆಚಾರ್ಯರಿಗೂ ಇತ್ತಲ್ಲ! ಆದರೆ ಸಾಮಾಯಿಕಕ್ಕೆ ಕುಳಿತು ಶತ್ರುಮಿತ್ರರಲ್ಲಿ ಸಮಭಾವ ತಾಳುವ ಶ್ರಾವಕನೇ ಅಡ್ಮಿನ್ ಆಗಿದ್ದಾಗ ಈ ಪಕ್ಷಪಾತವು ಹೆಚ್ಚು ನೋಯಿಸುತ್ತದೆ. ಅನೇಕಾಂತವು ಸುಳ್ಳಿಗೆ ಆಶ್ರಯವಲ್ಲ. ಸುಳ್ಳನ್ನೂ ಬೈಗುಳವನ್ನೂ ಅವನು ಅವಶ್ಯ ತೆಗೆಯಲಿ, ಎರಡೂ ಕಡೆಯದನ್ನು.